ಒಂಬತ್ತು ದಿನಗಳ ಮಾತು

ಏಳು ತಿಂಗಳ ಮೇಲೆ ಗಂಡನನ್ನು ಎದುರೆದುರು ನೋಡಿದಾಗ ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

ಅವನು ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಚಿತ್ರಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದ.

'ಅಂದರೆ ಇವನು ಚೆನ್ನಾಗಿಯೇ ಇದ್ದಾನೆ... ಊಟ, ನಿದ್ದೆ, ಕ್ಷೌರ, ಇಸ್ತ್ರಿ ಎಲ್ಲ ಕ್ರಮವಾಗಿ ನಡೆದಿದೆ. ಹೀಗಾಗಿರುವುದು ನಾನೊಬ್ಬಳೇ!'

ಬೆಳಿಗ್ಗೆಯಿಂದ ಅವನು ಮೂರು ಅಂಗಿ ಬದಲಾಯಿಸಿದ್ದ. ಕನ್ನಡಿಯ ಮುಂದೆ ನಿಂತು 'ಹೇಗಿದ್ದೀಯ' ಎಂಬ ಒಂದೇ ಮಾತನ್ನು ಹತ್ತು ಸಲ ಅಭ್ಯಾಸ ಮಾಡಿದ್ದ. ಅದನ್ನೆಲ್ಲ ಅವಳಿಗೆ ಯಾರು ಹೇಳಬೇಕು? ಹೇಳಬೇಕಾದವನು ಅವನೇ. ಅವನೋ, ಬಾಯಿ ತೆರೆಯುವುದಕ್ಕೂ ಮುಹೂರ್ತ ನೋಡುವ ಜಾತಿ.

"ಬಂದ್ಯಾ?" ಎಂದ.

"ಕಾಣ್ತಿದೆಯಲ್ಲ," ಎಂದಳು.

ಇಬ್ಬರ ನಡುವೆ ಐದು ವರ್ಷದ ಮಗಳು ಬಟಾಣಿ ನಿಂತಿದ್ದಳು. ಅಮ್ಮನ ಒಂದು ಕೈ, ಅಪ್ಪನ ಒಂದು ಕೈ ಹಿಡಿದು, ಎರಡೂ ನಿಜವಾದ ಕೈಗಳೇ ಹೌದೋ ಅಲ್ಲವೋ ಎಂದು ಪರೀಕ್ಷಿಸುವವಳಂತೆ ಒಂದು ಸಲ ಜೋತುಬಿದ್ದು ನೋಡಿದಳು. ಎರಡೂ ಗಟ್ಟಿಯಾಗಿದ್ದವು. ಮಗು ನಕ್ಕಿತು.

ಅವಳಿಗೆ ಆ ನಗು ನೋಡಲಾಗಲಿಲ್ಲ. ಏಕೆಂದರೆ ಅವಳ ಕೈಚೀಲದಲ್ಲಿ ಒಂದು ಕಾಗದವಿತ್ತು. ಹನ್ನೊಂದು ಗಂಟೆಯ ಬಸ್ ಪ್ರಯಾಣದಷ್ಟು ದೂರದ ಊರಿಗೆ, ಬಡ್ತಿಯ ಮೇಲೆ ವರ್ಗ. ಒಪ್ಪಿಗೆ ಎಂದು ಸಹಿ ಹಾಕಿ ನಾಳೆ ಬೆಳಿಗ್ಗೆ ಕೊಡಬೇಕು. ಬಟಾಣಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಇವತ್ತು ಅವನಿಗೆ ಹೇಳಿಬಿಡಬೇಕು. ಅದಕ್ಕೇ ಬಂದಿದ್ದಳು. ಬೇರೆ ಯಾವುದಕ್ಕೂ ಅಲ್ಲ ಎಂದು ತನಗೆ ತಾನೇ ದಾರಿಯುದ್ದಕ್ಕೂ ಹೇಳಿಕೊಂಡಿದ್ದಳು.

ಅವಳ ಕೆಲಸ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಮೈಕಿನ ಮುಂದೆ ಮಾತು, ಮಾತು, ಮಾತು. ಯಾವ ಬಸ್ಸು, ಎಷ್ಟು ಗಂಟೆಗೆ, ಎಲ್ಲಿ ನಿಲ್ಲುತ್ತದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅವಳು ಬಾಯಿಂದಲೇ ಬದುಕಿದವಳು.

ಅವನು ಈ ಚಿತ್ರಶಾಲೆಯಲ್ಲಿ ಚಿತ್ರಗಳನ್ನು ಗೋಡೆಗೆ ಏರಿಸುವವನು, ಇಳಿಸುವವನು, ಪೆಟ್ಟಿಗೆ ಕಟ್ಟುವವನು. ಮೊದಲ ಸಲ ಅವಳ ಕೌಂಟರಿಗೆ ಬಂದಾಗ ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ಕೊನೆಯಲ್ಲಿ ನಿಂತು, ತನ್ನ ಬಸ್ಸಿನ ಬಗ್ಗೆ ವಿಚಾರಿಸಿದ್ದ. ಅಷ್ಟರಲ್ಲಿ ಆ ಬಸ್ಸು ಹೋಗಿಯಾಗಿತ್ತು. ಅದು ಗೊತ್ತಾದ ಮೇಲೂ ಅವನು ಮುಖ ಗಂಟಿಕ್ಕದೆ "ಪರವಾಗಿಲ್ಲ" ಎಂದದ್ದಕ್ಕೇ ಅವಳು ಮರುಳಾಗಿದ್ದು. ಮದುವೆಯಲ್ಲಿ ಅತ್ತಿಗೆ, ಮೈಕಿಗೂ ಗೋಡೆಗೂ ಗಂಟು ಬಿತ್ತು ಎಂದು ಎಲ್ಲರೆದುರು ಹಾಸ್ಯ ಮಾಡಿದ್ದಳು. ಅವಳೂ ನಕ್ಕಿದ್ದಳು. ಮಾತು ಬೆಳ್ಳಿಯಾದರೆ ಮೌನ ಬಂಗಾರ ಅಲ್ಲವೇ? ಮನೆಯಲ್ಲಿ ಎರಡೂ ಇದ್ದರೆ ತಪ್ಪೇನು?

ತಪ್ಪು ಏನೆಂದು ಹತ್ತು ತಿಂಗಳ ಹಿಂದೆ ಗೊತ್ತಾಯಿತು.

ಎರಡನೆಯ ಹೆರಿಗೆ. ಗಂಡು ಮಗು. ಶಸ್ತ್ರಚಿಕಿತ್ಸೆಯಾಗಿ, ನಂಜೇರಿ, ಅವಳು ಜ್ವರದಲ್ಲಿ ಬೇಯುತ್ತ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಮಲಗಿದ್ದಳು. ಮಗು ನಾಲ್ಕನೆಯ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ. ಅವಳು ಅವನನ್ನು ನೋಡಿದ್ದು ಒಂದೇ ಸಲ, ಅದೂ ಮಂಪರಿನಲ್ಲಿ. ಬಿಳಿ ಬಟ್ಟೆಯ ಒಂದು ಗಂಟು... ಅದರೊಳಗೆ ಏನೋ ಕೆಂಪಗೆ... ಅಷ್ಟೇ ನೆನಪು.

ಗಂಡ ಎರಡು ಮಹಡಿಗಳ ನಡುವೆ ಹತ್ತಿ ಇಳಿಯುತ್ತಿದ್ದ. ಬಂದಾಗಲೆಲ್ಲ "ಚೆನ್ನಾಗಿದ್ದಾನೆ" ಎನ್ನುತ್ತಿದ್ದ. ಒಂಬತ್ತು ದಿನ ಹಾಗೆಯೇ ಎಂದ. ಹತ್ತನೆಯ ದಿನ ಬಂದು, ಮಂಚದ ಅಂಚಿನಲ್ಲಿ ಕೂತು, "ಹೋದ" ಎಂದ. ಅವಳು ಎದ್ದು ನಡೆಯುವಷ್ಟಾಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಎತ್ತಿಕೊಂಡು ಹೋದವನೂ ಅವನೇ, ಬರಿಗೈಯಲ್ಲಿ ಬಂದವನೂ ಅವನೇ.

ಅವನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನಾಲ್ಕನೆಯ ದಿನ ಕೆಲಸಕ್ಕೆ ಹೋದ. ಮಗನ ಬಗ್ಗೆ ಒಂದಕ್ಷರ... ಒಂದೇ ಒಂದಕ್ಷರ ಆಡಲಿಲ್ಲ.

ಹೆತ್ತವಳು ನೋಡದ ಮಗುವನ್ನು ಈ ಪ್ರಪಂಚದಲ್ಲಿ ಕಂಡಿದ್ದವನು ಅವನೊಬ್ಬನೇ. ಆ ಒಂಬತ್ತು ದಿನಗಳಿಗೆ ಬೀಗ ಜಡಿದು, ಕೀಲಿಯನ್ನು ನುಂಗಿಕೊಂಡು ಕೂತಿದ್ದ. ಮೂರು ತಿಂಗಳು ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಆಮೇಲೆ ಒಂದು ದಿನ, ನಾನು ಅಮ್ಮನ ಮನೆಗೆ ಹೋಗುತ್ತೇನೆ ಎಂದಳು. ತಡೆಯಲಿ ಎಂದು ಹೇಳಿದ ಮಾತು ಅದು!

ಅವನು "ಸರಿ" ಎಂದ.

ಅಂದಿನಿಂದ ಭಾನುವಾರಗಳಲ್ಲಿ ಅವನು ಅತ್ತೆಯ ಮನೆಯ ಬಾಗಿಲಿಗೆ ಬರುತ್ತಿದ್ದ. ಅತ್ತೆ ಮೊಮ್ಮಗಳನ್ನು ಹೊರಗೆ ಕಳಿಸುತ್ತಿದ್ದರು. ಅವಳು ಒಳಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ.

ಚಿತ್ರಶಾಲೆಗೆ ಸೋಮವಾರ ರಜೆ. ವರ್ಷಕ್ಕೊಂದು ಸೋಮವಾರ ಮಾತ್ರ ಕೆಲಸಗಾರರ ಕುಟುಂಬಗಳಿಗೆಂದು ಅರ್ಧ ದಿನ ಬಾಗಿಲು ತೆರೆಯುತ್ತಿದ್ದರು. ಅಪ್ಪ ಇರುವ ಜಾಗಕ್ಕೆ ಅಮ್ಮನೂ ಬರಬೇಕು ಎಂದು ಬಟಾಣಿ ಎರಡು ದಿನ ಊಟ ಬಿಟ್ಟು ಗೆದ್ದಿದ್ದಳು. ಗೆದ್ದವಳ ಗತ್ತಿನಲ್ಲೇ ಈಗ ಇಬ್ಬರನ್ನೂ ಎಳೆದುಕೊಂಡು ಒಳಗೆ ನಡೆದಳು.

ಒಳಗೆ ತಂಪು. ನಡೆದರೆ ಹೆಜ್ಜೆ ಸದ್ದು ಛಾವಣಿಗೆ ಹೋಗಿ ವಾಪಸ್ಸು ಬರುತ್ತಿತ್ತು. ಗೋಡೆಯಿಂದ ಎರಡಡಿ ದೂರಕ್ಕೆ ನೆಲದ ಮೇಲೆ ಹಳದಿ ಪಟ್ಟಿ. ಅದನ್ನು ದಾಟಬಾರದು ಎಂದು ಅಪ್ಪ ಮಗಳಿಗೆ ಹೇಳಿದ. ಅದನ್ನು ಹೇಳಲು ಎರಡು ಪದ ಸಾಕಾದವು.

ಮೊದಲ ಕೋಣೆಯ ತುಂಬ ದೊಡ್ಡ ಮನುಷ್ಯರ ಮುಖಗಳು. ಬಟಾಣಿ ಒಬ್ಬರ ಮುಂದೆ ಬಹಳ ಹೊತ್ತು ನಿಂತಳು. "ಈ ತಾತಂಗೆ ಹಲ್ಲು ನೋವಾ?" ಎಂದು ಕೇಳಿದಳು. ಅಮ್ಮನಿಗೆ ನಗು ಬಂತು. ತಡೆದುಕೊಂಡು ಪಕ್ಕಕ್ಕೆ ನೋಡಿದರೆ ಅವನೂ ತುಟಿ ಕಚ್ಚಿಕೊಂಡಿದ್ದ. ಇಬ್ಬರ ಕಣ್ಣು ಕೂಡಿತು. ಇಬ್ಬರೂ ತಟ್ಟನೆ ಆ ತಾತನ ಕಡೆಗೇ ತಿರುಗಿದರು.

ಎರಡನೆಯ ಕೋಣೆಯಲ್ಲಿ ಯುದ್ಧದ ಚಿತ್ರ. ಕುದುರೆಗಳ ಗುಂಪು. ಬಟಾಣಿಗೆ ಈಚೆಗೆ ಎಣಿಕೆಯ ಹುಚ್ಚು. ಒಂಬತ್ತು ಕುದುರೆ ಎಂದಳು. ಕಾಲುಗಳನ್ನೂ ಎಣಿಸಬೇಕು ಎಂದಳು. ಮೂವರೂ ಎಣಿಸಿದರು. ಅವಳಿಗೆ ಮೂವತ್ತು ಸಿಕ್ಕವು, ಅವನಿಗೆ ಮೂವತ್ತೊಂದು. ಅವಳು ಒಪ್ಪಲಿಲ್ಲ. ಅವನು ಬೆರಳು ತೋರಿಸಿ, ಬಿದ್ದ ಧ್ವಜದ ಹಿಂದೆ ಅಡಗಿದ್ದ ಒಂದು ಗೊರಸನ್ನು ತೋರಿಸಿಕೊಟ್ಟ. ಆದರೂ ಐದು ಕಾಲು ಕಡಿಮೆ. ಬರೆದವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ಬಟಾಣಿ ತೀರ್ಪು ಕೊಟ್ಟಳು.

ಒಂದು ಗಳಿಗೆ... ಒಂದೇ ಗಳಿಗೆ, ಅವರು ಯಾರಾದರೂ ನೋಡಿ 'ಚೆಂದದ ಸಂಸಾರ' ಎನ್ನುವ ಹಾಗಿದ್ದರು. ಅವಳಿಗೂ ಹಾಗೆಯೇ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಕೋಪ ಬಂತು.

ಮೂರನೆಯ ಕೋಣೆಗೆ ಹೋಗಬಾರದಿತ್ತು.

ಅಲ್ಲಿ ಎದುರು ಗೋಡೆಯ ಮೇಲೆ ಒಬ್ಬ ತಾಯಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಮಡಿಲಿನ ಕೂಸನ್ನು ನೋಡುತ್ತಿದ್ದಾಳೆ. ಕೂಸಿಗೆ ಒಂದು ತಿಂಗಳೂ ಇರಲಿಕ್ಕಿಲ್ಲ. ಒಂದು ಪಾದ ಬಟ್ಟೆಯಿಂದ ಹೊರಗೆ ಬಂದಿದೆ.

ಅವಳ ಕಾಲು ಅಲ್ಲೇ ನಿಂತಿತು.

ಬಟಾಣಿ ಹಳದಿ ಪಟ್ಟಿಯ ತುದಿಗೆ ಹೋಗಿ, ಕತ್ತೆತ್ತಿ ನೋಡಿ, ಅಪ್ಪನ ಕಡೆ ತಿರುಗಿ ಕೇಳಿದಳು. "ಅಪ್ಪಾ, ನಮ್ಮ ಪಾಪುನೂ ಹಿಂಗೇ ಇದ್ನಾ?"

ಅವಳು ಉಸಿರು ಬಿಗಿಹಿಡಿದಳು. 'ಹೇಳು... ಮಗುವಿಗಾದರೂ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ. ಹೂಂ ಅಂತಾದರೂ ಅನ್ನು, ಇಲ್ಲ ಅಂತಾದರೂ ಅನ್ನು...'

ಅವನ ಮುಖ ಬಿಳಿಚಿತು. ಒಮ್ಮೆ ಹೆಂಡತಿಯ ಕಡೆ ನೋಡಿದ. ಆಮೇಲೆ ಮಂಡಿಯೂರಿ ಕೂತು ಬಟಾಣಿಯ ಶೂ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಅದು ಸರಿಯಾಗಿಯೇ ಕಟ್ಟಿತ್ತು.

ಅವಳೊಳಗೆ ಏನೋ ಭಗ್ಗೆಂದಿತು. ಇಷ್ಟು ದಿನ ಬೂದಿ ಮುಚ್ಚಿದ್ದ ಕೆಂಡ ಅದು. ಬಟಾಣಿಯನ್ನು ಮುಂದಿನ ಬೆಂಚಿನ ಕಡೆ ಕಳಿಸಿ, ಅವನಿಗೆ ಮಾತ್ರ ಕೇಳುವಂತೆ, ಮೈಕಿನಲ್ಲಿ ಬಸ್ಸು ಕೂಗುವ ಅದೇ ಸಮನಾದ ದನಿಯಲ್ಲಿ ಎಲ್ಲ ಹೇಳಿದಳು. ವರ್ಗದ ಆದೇಶ, ಊರು, ದೂರ, ನಾಳೆಯ ಸಹಿ, ಬಟಾಣಿಗೆ ಅಲ್ಲಿಯ ಶಾಲೆ.

ಅವನು ನೆಲ ನೋಡುತ್ತ ಕೇಳಿದ.

"ಸರಿ," ಎಂದ.

ಅದೇ ಮಾತು! ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ ಎಂದುಕೊಂಡಳು. ಸಹಿ ಹಾಕಲು ಪೆನ್ನು ಕೈಚೀಲದಲ್ಲೇ ಇತ್ತು. ಇಲ್ಲೇ ಹಾಕಿಬಿಡಲೇ ಎಂದು ಬೆಂಚಿನ ಮೇಲೆ ಕೂತಳು.

ಅಷ್ಟರಲ್ಲಿ ಮೇಸ್ತ್ರಿ ಬಂದರು. ಅರವತ್ತರ ಹತ್ತಿರದ, ಬಿಳಿ ಮೀಸೆಯ ಮನುಷ್ಯ. ಅವನಿಗೆ ಕೆಲಸ ಕಲಿಸಿದವರು. ಪಕ್ಕದ ಕೋಣೆಯ ಗೋಡೆಯೊಳಗೆ ನೀರಿನ ಪೈಪು ಒಡೆದು ತೇವ ಹಬ್ಬುತ್ತಿದೆ, ದೊಡ್ಡ ಚಿತ್ರವನ್ನು ಈಗಲೇ ಇಳಿಸಬೇಕು, ಜೊತೆಗಾರ ಊರಲ್ಲಿಲ್ಲ, ಹಬ್ಬದಂಥ ದಿನ ಕರೆಯುತ್ತಿದ್ದೇನೆ ತಪ್ಪು ತಿಳಿಯಬೇಡಮ್ಮ ಎಂದು ಅವಳಿಗೇ ಹೇಳಿ ಅವನನ್ನು ಕರೆದುಕೊಂಡು ಹೋದರು.

ಬಟಾಣಿ ಅಪ್ಪನ ಹಿಂದೆಯೇ ಓಡಿದಳು. ಮಗಳ ಹಿಂದೆ ಅವಳೂ ಹೋಗಬೇಕಾಯಿತು. ಚಿತ್ರ ಇಳಿಸುವುದು ಯಾವಾಗಲೂ ರಜೆಯ ದಿನವೇ ಆದ್ದರಿಂದ ಮದುವೆಯಾದ ಆರು ವರ್ಷದಲ್ಲಿ ಅವನು ಕೆಲಸ ಮಾಡುವುದನ್ನು ಅವಳು ನೋಡುತ್ತಿದ್ದುದು ಇದೇ ಮೊದಲು.

ಆಳೆತ್ತರದ ಚಿತ್ರ. ಕೈಯಗಲದ ಮರದ ಚೌಕಟ್ಟು. ಇಬ್ಬರೂ ಬಿಳಿ ಕೈಗವಸು ಹಾಕಿ, ಎರಡು ಕಡೆ ಹಿಡಿದು ಎತ್ತಿದರು. ಮೇಸ್ತ್ರಿ ಮುಖ ಮುಂದೆ ಮಾಡಿ ನಡೆದರು. ಅವನು ಅವರಿಗೆ ಎದುರಾಗಿ, ಬೆನ್ನು ಮುಂದೆ ಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ನಡೆದ. "ಎಡಕ್ಕೆ... ಇನ್ನೂ... ಮೆಟ್ಟಿಲು ಬಂತು, ಏಳಿವೆ," ಎನ್ನುತ್ತಿದ್ದವರು ಮೇಸ್ತ್ರಿ ಒಬ್ಬರೇ.

ಉಗ್ರಾಣಕ್ಕೆ ಇಳಿಯುವ ಏಳು ಮೆಟ್ಟಿಲುಗಳಲ್ಲಿ ಅವನು ಮೂರು ಇಳಿದಿದ್ದ. ಕೆಳಗಿನ ಬಾಗಿಲು ಗಾಳಿಗೆ ಹಾಕಿಕೊಂಡಿತ್ತು.

"ನಿಲ್ಲು," ಎಂದರು ಮೇಸ್ತ್ರಿ.

ಅವನು ನಿಂತ. ಒಂದು ಕಾಲು ಒಂದು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ಕೆಳಗಿನದರ ಮೇಲೆ. ಕೆಳಗಿರುವವನ ಮೇಲೆಯೇ ಭಾರವೆಲ್ಲ. ಕಾವಲಿನವನೊಬ್ಬ ಕೀಲಿ ತರಲು ಓಡಿದ. ಒಂದು ನಿಮಿಷವಾಯಿತು. ಎರಡಾಯಿತು. ಅವನ ಹಣೆಯ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ. ಏನಾಯಿತು ಎಂದು ಕೇಳಲಿಲ್ಲ. ಹಿಂದೆ ತಿರುಗಿ ನೋಡಲೂ ಇಲ್ಲ.

"ಅಪ್ಪಾ!" ಎಂದು ಕೂಗಿದಳು ಬಟಾಣಿ.

ಅವನು ಕಣ್ಣೆತ್ತಲಿಲ್ಲ.

"ಅಪ್ಪಾ... ಇಲ್ಲಿ ನೋಡು."

ಇಲ್ಲ. ಬಟಾಣಿಯ ಕೆಳತುಟಿ ಹೊರಗೆ ಬಂತು. ಅಪ್ಪನಿಗೆ ನನ್ನ ಮೇಲೆ ಕೋಪ ಎಂದು ಅಮ್ಮನ ಸೊಂಟಕ್ಕೆ ಮುಖ ಒತ್ತಿದಳು.

'ನೋಡು... ಮಗಳಿಗೂ ಅದೇ ಗತಿ. ಕಲ್ಲು ಬಂಡೆ!' ಅವಳ ಕಣ್ಣು ತುಂಬಿತು.

ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಆ ಕೋಣೆಯ ಕಾವಲಿನ ಅಕ್ಕ ಕೂತಿದ್ದರು. ದಪ್ಪ ಕನ್ನಡಕ, ಮಡಿಲಲ್ಲಿ ಹೆಣಿಗೆಯ ನೂಲು. ಅವರು ಬಟಾಣಿಯ ತಲೆ ಸವರಿದರು.

"ಕೋಪ ಅಲ್ಲ ಕಂದಾ. ಚಿತ್ರ ಕೈಲಿರುವಾಗ ಹಿಂದೆ ನಡೆಯೋನು ಮಾತಾಡಬಾರದು. ಅವನಿಗೆ ದಾರಿ ಕಾಣಲ್ಲ. ಕಾಣೋರು ಹೇಳಬೇಕು, ಅವನು ಕೇಳಬೇಕು. ನಿಲ್ಲು ಅಂದ್ರೆ ಬಾ ಅನ್ನೋ ತನಕ ನಿಂತೇ ಇರಬೇಕು. ಮಧ್ಯದಲ್ಲಿ ಬಾಯಿ ಬಿಟ್ರೆ ಎದುರಿನವರ ಕೈ ಜಾರುತ್ತೆ."

ಆಮೇಲೆ ಅವಳ ಕಡೆ ತಿರುಗಿ, ಹಿಂದೆ ನಡೆಯುವುದೇ ಕಷ್ಟದ ಕೆಲಸ, ಯಾರೂ ಒಪ್ಪುವುದಿಲ್ಲ, ನಿಮ್ಮ ಯಜಮಾನರೇ ಯಾವಾಗಲೂ ಆ ಕಡೆ ಹಿಡಿಯುವುದು ಎಂದರು. ಆಮೇಲೆ ದನಿ ತಗ್ಗಿಸಿದರು.

"ಮಗು ಹೋದ ಮೇಲೆ ಮೂರು ತಿಂಗಳು ಮಾತ್ರ ಮೇಸ್ತ್ರಿ ಇವನಿಗೆ ಚಿತ್ರ ಮುಟ್ಟಕ್ಕೆ ಬಿಡಲಿಲ್ಲಮ್ಮ. ಕೈ ನಡುಗ್ತಿತ್ತಲ್ಲ... ಬರೀ ರಟ್ಟು ಕತ್ತರಿಸ್ಕೊಂಡು ಕೂತಿರೋನು. ಒಂದು ದಿನ ನೋಡ್ತೀನಿ, ಇಷ್ಟುದ್ದದ ಒಂದು ಪೆಟ್ಟಿಗೆ ಮಾಡಿ, ಒಳಗೆ ಹತ್ತಿ ಹಾಸಿ, ಅದನ್ನೇ ನೋಡ್ತಾ ಕೂತಿದಾನೆ. ಯಾವ ಚಿತ್ರಕ್ಕೋ ಇದು ಅಂದೆ. ಯಾವುದಕ್ಕೂ ಅಲ್ಲಕ್ಕಾ ಅಂದ."

ಅಕ್ಕ ತೋರಿಸಿದ ಅಳತೆ ಒಂದು ಮೊಳ.

ಅವಳಿಗೆ ಏನೂ ಕೇಳಿಸಲಿಲ್ಲ ಆಮೇಲೆ. ಆ ಮೂರು ತಿಂಗಳು ಅವನು ಅವಳ ಮನೆಯಲ್ಲೇ, ಅವಳ ಪಕ್ಕದಲ್ಲೇ ಇದ್ದ. ಅವಳು ಗೋಡೆಗೆ ಮುಖ ಮಾಡಿದ್ದಳು. ಅವನ ಕೈಗಳನ್ನು ನೋಡಿಯೇ ಇರಲಿಲ್ಲ.

ಕೀಲಿ ಬಂತು. ಬಾಗಿಲು ತೆರೆಯಿತು. ಮೇಸ್ತ್ರಿ "ಬಾ" ಎಂದರು. ಅವನು ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಒಳಗೆ ಮರೆಯಾದ.

ಬಟಾಣಿಗೆ ಸ್ವಲ್ಪ ನೂಲು ಕೊಟ್ಟು ಅಕ್ಕ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅವಳ ಮುಖ ನೋಡಿ, ನೀನು ಹೋಗಿ ಬಾರಮ್ಮ ಎಂದರು.

ಉಗ್ರಾಣದಲ್ಲಿ ಮರದ ಹೊಟ್ಟಿನ ವಾಸನೆ. ಮೇಸ್ತ್ರಿ ಅವಳನ್ನು ಕಂಡು, ಪೈಪಿನವನನ್ನು ನೋಡಿಕೊಂಡು ಬರುತ್ತೇನೆ ಎಂದು ಗೊಣಗಿ ಹೊರಟರು. ಅವನು ಚಿತ್ರದ ಮೂಲೆಗಳಿಗೆ ಮೆತ್ತೆ ಕಟ್ಟುತ್ತಿದ್ದ. ಕೈಗವಸು ತೆಗೆದಿದ್ದ. ಭಾರ ಹೊತ್ತ ಕೈಗಳು ಇನ್ನೂ ಸಣ್ಣಗೆ ಅದುರುತ್ತಿದ್ದವು.

"ಬಟಾಣಿ ಕರೆದಳು. ಕೇಳಿಸ್ತು," ಎಂದ, ತಪ್ಪೊಪ್ಪಿಕೊಳ್ಳುವವನಂತೆ. "ಮಾತಾಡೋ ಹಾಗಿರಲಿಲ್ಲ."

"ಗೊತ್ತಾಯ್ತು," ಎಂದಳು. ಮುಂದೆ ಹೇಗೆ ಕೇಳಬೇಕೆಂದು ತಿಳಿಯಲಿಲ್ಲ. ದಿನಕ್ಕೆ ಸಾವಿರ ಜನಕ್ಕೆ ಉತ್ತರ ಕೊಡುವವಳಿಗೆ ಒಂದು ಪ್ರಶ್ನೆ ಕೇಳುವುದು ಇಷ್ಟು ಕಷ್ಟವೇ?

"ಪೆಟ್ಟಿಗೆ ಮಾಡಿ ಅದನ್ನೇ ನೋಡ್ತಾ ಇಲ್ಲಿ ಕೂತಿದ್ಯಂತೆ. ನನ್ನ ಹತ್ತಿರ ಯಾಕೆ ಒಂದು ಮಾತೂ ಆಡಲಿಲ್ಲ?"

ಅವನು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದ.

"ನೀನೇ ಹೇಳಿದ್ದೆ."

"ಏನಂತ?"

"ಹೇಳಬೇಡ ಅಂತ." ಅವನು ನಿಧಾನವಾಗಿ ಹೇಳಿದ. "ಆಸ್ಪತ್ರೆಯಿಂದ ಬಂದ ಮೂರನೇ ದಿನ. ಅವನ ಕಿವಿ ನಿನ್ನ ಥರಾನೇ ಇತ್ತು ಅಂದೆ. ನೀನು ಎರಡೂ ಕಿವಿ ಮುಚ್ಕೊಂಡು ಕೂಗಿದೆ. ಹೇಳಬೇಡ, ನನಗೆ ಅವನ ಸುದ್ದಿ ಏನೂ ಹೇಳಬೇಡ ಅಂತ. ನಾನು... ನಿಂತುಬಿಟ್ಟೆ."

ಅವಳಿಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಆ ದಿನ ಮನಸ್ಸಿನಲ್ಲಿ ಇರಲೇ ಇಲ್ಲ. ಜ್ವರದ ತಲೆ, ಹಾಲು ಕಟ್ಟಿ ನೋಯುವ ಎದೆ, ಕಿಟಕಿಯ ಬಿಸಿಲು... ಅಷ್ಟೇ. ತಾನು ಆಡಿ ಮರೆತ ಒಂದು ಮಾತನ್ನು ಈ ಮನುಷ್ಯ ಹತ್ತು ತಿಂಗಳಿಂದ ಪಾಲಿಸುತ್ತಿದ್ದಾನೆ!

"ಒಂದು ಸಲ... ಒಂದೇ ಸಲ ಕೇಳಬಾರದಿತ್ತಾ? ಈಗಲಾದ್ರೂ ಹೇಳ್ಲಾ ಅಂತ?"

"ಕೇಳಿದ್ರೆ ನಿನ್ನ ಕೈ ಜಾರುತ್ತೆ ಅನ್ನಿಸ್ತು."

ಅವಳು ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

"ಅಮ್ಮನ ಮನೆಗೆ ಹೋಗ್ತೀನಿ ಅಂದಾಗ ಸರಿ ಅಂದೆ. ಇವತ್ತೂ ಸರಿ ಅಂದೆ."

"ದಾರಿ ನಿನಗೆ ಕಾಣ್ತಿದೆ ಅಂದ್ಕೊಂಡೆ. ನನಗಂತೂ ಏನೂ ಕಾಣ್ತಿರಲಿಲ್ಲ. ಹೇಳಿದ ಕಡೆ ಹೆಜ್ಜೆ ಇಡೋದು ಒಂದೇ ಗೊತ್ತಿದ್ದಿದ್ದು."

"ನನಗೆಲ್ಲಿ ಕಾಣ್ತಿತ್ತೋ..." ಎಂದಳು. ಅಲ್ಲಿಗೆ ಕಟ್ಟೆ ಒಡೆಯಿತು. ಸೆರಗಿಗೂ ಸಿಗದ ಅಳು. ಅವನು ಹತ್ತಿರ ಬಂದು, ಮುಟ್ಟಬಹುದೋ ಬಾರದೋ ತಿಳಿಯದೆ, ಅವಳೆದುರು ನೆಲದ ಮೇಲೆ ಕೂತ. ಅವಳೇ ಅವನ ಎರಡೂ ಕೈಗಳನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆಗ ಅವನೂ ಅತ್ತ. ಹತ್ತು ತಿಂಗಳಿನ ಮೇಲೆ, ಹೆಂಡತಿಯ ಕಣ್ಣೆದುರಿಗೆ, ಮೊದಲ ಸಲ.

ಬಹಳ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡಳು.

"ದಿನಾ ಬಂದು ಚೆನ್ನಾಗಿದಾನೆ ಅಂತಿದ್ಯಲ್ಲ, ಅದು ಸುಳ್ಳು ತಾನೆ?"

"ಸುಳ್ಳು. ನಿನಗೆ ಹೇಳಬಾರದು, ಹೇಳಿದ್ರೆ ನೀನೂ ಉಳಿಯಲ್ಲ ಅಂದ್ರು ಡಾಕ್ಟ್ರು. ಆದ್ರೂ ನನ್ನದೇ ತಪ್ಪು. ಒಂದು ಸಲ ನಿನ್ನನ್ನ ಮೇಲಕ್ಕೆ ಕರ್ಕೊಂಡು ಹೋಗಬೇಕಿತ್ತು. ಎತ್ಕೊಂಡಾದ್ರೂ."

"ಅದನ್ನ ನಾನು ಕ್ಷಮಿಸಲ್ಲ."

"ಬೇಡ," ಎಂದ. "ಆದ್ರೆ ಹೋಗಬೇಡ."

ಅವಳು ತಲೆಯೆತ್ತಿದಳು. ಏಳು ತಿಂಗಳು ಒಳಕೋಣೆಯಲ್ಲಿ ಕೂತು, ಬಾಗಿಲ ಹೊರಗಿನ ದನಿಯಲ್ಲಿ ಅವಳು ಹುಡುಕಿದ್ದು ಈ ಒಂದು ಮಾತನ್ನೇ. ಈಗ ಅದನ್ನು ಅವನು ಮತ್ತೊಮ್ಮೆ ಹೇಳಿದ, ಈ ಸಲ ಅವಳ ಕಣ್ಣನ್ನು ನೋಡುತ್ತ. ಆ ಊರಿಗೆ ಹೋಗಬೇಡ, ಹೋಗಲೇಬೇಕೆಂದರೆ ನಾನೂ ಕೆಲಸ ಬಿಟ್ಟು ಬರುತ್ತೇನೆ, ಒಬ್ಬಳೇ ಹೋಗಬೇಡ ಎಂದ. ಅವನ ಜೀವಮಾನದಲ್ಲಿ ಅಷ್ಟು ಉದ್ದದ ಮಾತನ್ನು ಒಂದೇ ಉಸಿರಿಗೆ ಆಡಿದ್ದು ಅದೇ ಮೊದಲಿರಬೇಕು.

"ನಾಳೆ ಸಹಿ ಹಾಕಲ್ಲ," ಎಂದಳು. "ಆದ್ರೆ ನೀನು ಅವನ ಸುದ್ದಿ ಹೇಳಬೇಕು. ಎಲ್ಲಾ. ನಾನು ಅತ್ತರೂ ನಿಲ್ಲಿಸಬಾರದು."

ಅಷ್ಟರಲ್ಲಿ ಬಟಾಣಿ ಬೆರಳಿಗೆಲ್ಲ ನೂಲು ಸುತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಅಪ್ಪ ಅಮ್ಮ ಇಬ್ಬರ ಕಣ್ಣೂ ಕೆಂಪಾಗಿರುವುದನ್ನು ನೋಡಿ, ಯಾರು ಬೈದರು ಎಂದು ವಿಚಾರಿಸಿದಳು. ಅವನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವಳೂ ಕೇಳಲಿ ಎಂದು ಅಮ್ಮ ಕಣ್ಣಲ್ಲೇ ಹೇಳಿದಳು.

ಅವನು ಶುರುಮಾಡಿದ. ಮೊದಲು ಪದಗಳು ತಡವರಿಸಿದವು. ಆ ಚಿತ್ರದ ಕೂಸಿನಷ್ಟು ದಪ್ಪ ಇರಲಿಲ್ಲ ಎಂದ. ತಲೆಯಲ್ಲಿ ಮಾತ್ರ ಕೂದಲೋ ಕೂದಲು. ಬಲಗಿವಿಯ ತುದಿ ಅಮ್ಮನದರ ಹಾಗೆಯೇ ಒಂಚೂರು ಮಡಿಚಿಕೊಂಡಿತ್ತು. ಗಾಜಿನ ಪೆಟ್ಟಿಗೆಗೆ ಕೈ ತೂರಿಸಲು ಒಂದು ತೂತು. ಮೊದಲ ದಿನ ಬೆರಳು ಒಳಗಿಟ್ಟಾಗ ಕೂಸು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಮನಸ್ಸಾಗದೆ ಅಪ್ಪ ನರ್ಸು ಬೈಯುವ ತನಕ ನಿಂತೇ ಇದ್ದ. ಕೂಸು ಸೀನಿದರೆ ಒಂದರ ಹಿಂದೆ ಒಂದು ಮೂರು ಸೀನು, ಬೆಕ್ಕಿನ ಮರಿಯ ಸೀನಿನಷ್ಟು ಸದ್ದು.

"ಮೂರಾ?" ಎಂದಳು ಬಟಾಣಿ. "ನಾನು ಎರಡೇ ಸೀನೋದು."

ಕೂಸಿನ ಹತ್ತಿರ ಏನು ಮಾತಾಡಬೇಕೆಂದು ತನಗೆ ತಿಳಿಯಲಿಲ್ಲ ಎಂದ. ಅದಕ್ಕೆ, ಹೆಂಡತಿ ಮನೆಯಲ್ಲಿ ಒಪ್ಪಿಸುತ್ತಿದ್ದ ಬಸ್ಸುಗಳ ಪಟ್ಟಿಯನ್ನೇ ಹೇಳಿದನಂತೆ. ಬೆಳಿಗ್ಗೆಯ ಮೊದಲ ಬಸ್ಸಿನಿಂದ ಹಿಡಿದು ಒಂದೂ ಬಿಡದೆ. ಮಗು ಕಣ್ಣು ಬಿಟ್ಟುಕೊಂಡು ಕೇಳಿತಂತೆ.

ಅವಳು ಅಳುತ್ತಲೇ ನಕ್ಕಳು. ನಗುತ್ತಲೇ ಅತ್ತಳು. ಅವನು ನಿಲ್ಲಿಸಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಸಲ ಅವಳ ಮಗನಿಗೆ ಒಂದು ಮುಖ ಬಂತು, ಕಿವಿ ಬಂತು, ಸೀನು ಬಂತು. ಬಂದದ್ದರಿಂದ ನೋವು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಆದರೆ ಇಷ್ಟು ದಿನ ಅವಳು ಅತ್ತದ್ದು ಒಂದು ಬಿಳಿ ಬಟ್ಟೆಯ ಗಂಟಿಗಾಗಿ. ಈಗ ಅಳುತ್ತಿದ್ದುದು ಮಗನಿಗಾಗಿ.

ಮಧ್ಯಾಹ್ನದ ಗಂಟೆ ಬಾರಿಸಿತು. ಕುಟುಂಬಗಳು ಹೊರಡುವ ಹೊತ್ತು. ಅವನು ಬಟಾಣಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಇನ್ನೂ ಇದೆಯಾ?" ಎಂದು ಕೇಳಿದಳು ಅವಳು.

"ಇದು ಮೊದಲನೇ ದಿನದ್ದು ಮಾತ್ರ."

"ನಾಳೆ ಎರಡನೇದು ಹೇಳು. ಮನೇಲಿ. ದಿನಕ್ಕೊಂದು."

ಕೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಅವನು ಕೇಳಿದ.

"ಇರೋದು ಒಂಬತ್ತೇ ದಿನ ಅಲ್ವಾ... ಅದು ಮುಗಿದ ಮೇಲೆ?"

ಅವಳು ಅವನ ತೋಳಿಗೆ ತೋಳು ಸೇರಿಸಿದಳು.

"ಮತ್ತೆ ಮೊದಲಿಂದ ಹೇಳು."